ಗ್ನೋಮ್ ಶೆಲ್ ವಿಸ್ತರಣೆಗಳ ಸುರಕ್ಷತೆ

ಗ್ನೋಮ್ ಶೆಲ್ ವಿಸ್ತರಣೆಗಳು ಲಿನಕ್ಸ್ ಗಣಕಗಳಲ್ಲಿ ಬಳಕೆಯಲ್ಲಿರುವ ಗ್ನೋಮ್ ಡೆಸ್ಕ್‌ಟಾಪ್ ಪರಿಸರದ ರೂಪವನ್ನೂ ವರ್ತನೆಯನ್ನೂ ಬದಲಿಸುವ ಕಿರುತಂತ್ರಾಂಶಗಳು. ಇವುಗಳನ್ನು ಸಾಮಾನ್ಯವಾಗಿ ಗ್ನೋಮ್ ಯೋಜನೆಯ ಅಧಿಕೃತ ವಿಸ್ತರಣಾ ಜಾಲತಾಣದಿಂದ, ಬ್ರೌಸರ್‌ನಲ್ಲಿ ಒಂದು ಗುಂಡಿ ಒತ್ತುವುದರ ಮೂಲಕ ಅಳವಡಿಸಿಕೊಳ್ಳಲಾಗುತ್ತದೆ. ಅಳವಡಿಕೆ ಸುಲಭವಾದರೂ ಅದರ ಪರಿಣಾಮ ಸಣ್ಣದಲ್ಲ. ಒಮ್ಮೆ ಸೇರಿದ ವಿಸ್ತರಣೆಯು ಡೆಸ್ಕ್‌ಟಾಪ್‌ನ ಒಳಭಾಗವಾಗಿಯೇ ಕೆಲಸ ಮಾಡುತ್ತದೆ ಮತ್ತು ಬಳಕೆದಾರರಿಗೆ ಇರುವ ಬಹುತೇಕ ಎಲ್ಲ ಅಧಿಕಾರಗಳನ್ನೂ ಪಡೆಯುತ್ತದೆ. ಆದುದರಿಂದ ಬ್ರೌಸರ್ ಮೂಲಕ ನಡೆಯುವ ಈ ಅಳವಡಿಕೆ ಎಷ್ಟು ಸುರಕ್ಷಿತ ಎಂಬ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ವಿಸ್ತರಣೆಯನ್ನು ಗಣಕಕ್ಕೆ ತಲುಪಿಸುವ ಮಾರ್ಗ ಸುರಕ್ಷಿತವೇ ಎಂಬುದು ಮೊದಲನೆಯದು. ತಲುಪಿದ ವಿಸ್ತರಣೆ ನಂಬಿಕೆಗೆ ಅರ್ಹವೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ತಕ್ಕಮಟ್ಟಿಗೆ ಗಟ್ಟಿಯಾದ ತಾಂತ್ರಿಕ ಏರ್ಪಾಡು ಇದೆ. ಎರಡನೆಯದು ಮುಖ್ಯವಾಗಿ ಮಾನವ ಪರಿಶೀಲನೆಯನ್ನೂ ಬಳಕೆದಾರರ ವಿವೇಚನೆಯನ್ನೂ ಅವಲಂಬಿಸಿದೆ.

## ಹಿನ್ನೆಲೆ

ಗ್ನೋಮ್ ೩.೦ ಆವೃತ್ತಿಯು ೨೦೧೧ರ ಏಪ್ರಿಲ್ ೬ರಂದು ಬಿಡುಗಡೆಯಾಯಿತು. ಅದಕ್ಕೆ ಕೆಲವೇ ದಿನಗಳ ಮೊದಲು, ಏಪ್ರಿಲ್ ೨ ಮತ್ತು ೩ರಂದು, ಗ್ನೋಮ್ ಏಷ್ಯಾ ಸಮಾವೇಶವು ಬೆಂಗಳೂರಿನಲ್ಲಿ ನಡೆದಿತ್ತು. ೨೦೨೪ರ ಡಿಸೆಂಬರ್‌ನಲ್ಲಿ ಅದೇ ಸಮಾವೇಶ ಮತ್ತೊಮ್ಮೆ ಬೆಂಗಳೂರಿಗೆ ಬಂದಿತು. ೩.೦ ಆವೃತ್ತಿಯಲ್ಲಿ ಹಳೆಯ ಫಲಕ ಮತ್ತು ಮೆನುಗಳ ಸ್ಥಾನದಲ್ಲಿ ‘ಗ್ನೋಮ್ ಶೆಲ್’ ಎಂಬ ಹೊಸ ಅಂತರಮುಖ ಬಂದಿತು. ಹಳೆಯ ವಿನ್ಯಾಸಕ್ಕೆ ಒಗ್ಗಿಹೋಗಿದ್ದ ಅನೇಕರಿಗೆ ಈ ಬದಲಾವಣೆ ಹಿಡಿಸಲಿಲ್ಲ. ಶೆಲ್‌ನ ಬಹುಭಾಗವನ್ನು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯಲಾಗಿದ್ದುದರಿಂದ, ಅದೇ ಭಾಷೆಯಲ್ಲಿ ಚಿಕ್ಕ ತುಣುಕುಗಳನ್ನು ಬರೆದು ಶೆಲ್ ಅನ್ನು ಮಾರ್ಪಡಿಸಲು ಸಾಧ್ಯವಾಯಿತು. ಇವೇ ವಿಸ್ತರಣೆಗಳು. ಅವುಗಳನ್ನು ಒಂದೆಡೆ ಹುಡುಕಿ ಪಡೆಯಲು ಅನುಕೂಲವಾಗುವ ಅಧಿಕೃತ ಜಾಲತಾಣವು ೨೦೧೧ರ ಡಿಸೆಂಬರ್‌ನಲ್ಲಿ ಆರಂಭವಾಯಿತು.

ಇಂದು ಫೆಡೋರಾ ವರ್ಕ್‌ಸ್ಟೇಷನ್, ಡೆಬಿಯನ್, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ ಮುಂತಾದ ವಿತರಣೆಗಳಲ್ಲಿ ಗ್ನೋಮ್ ಪೂರ್ವನಿಯೋಜಿತ ಡೆಸ್ಕ್‌ಟಾಪ್ ಆಗಿದೆ. ಉಬುಂಟು ೨೦೧೭ರ ಅಕ್ಟೋಬರ್‌ನಲ್ಲಿ, ೧೭.೧೦ ಆವೃತ್ತಿಯೊಂದಿಗೆ, ಗ್ನೋಮ್‌ಗೆ ಮರಳಿತು. ಉಬುಂಟು ಪರದೆಯ ಅಂಚಿನಲ್ಲಿ ಕಾಣುವ ತಂತ್ರಾಂಶ ಚಿಹ್ನೆಗಳ ಪಟ್ಟಿಯೂ ವಾಸ್ತವವಾಗಿ ಒಂದು ವಿಸ್ತರಣೆಯೇ. ಅಂದರೆ, ವಿಸ್ತರಣೆ ಎಂಬುದು ಕೆಲವೇ ಉತ್ಸಾಹಿಗಳಿಗೆ ಸೀಮಿತವಾದ ಸಂಗತಿಯಲ್ಲ. ತಿಳಿದೋ ತಿಳಿಯದೆಯೋ ಅನೇಕರು ಅದನ್ನು ಬಳಸುತ್ತಿದ್ದಾರೆ.

## ಅಳವಡಿಕೆ ನಡೆಯುವ ಬಗೆ

ಸಾಮಾನ್ಯವಾಗಿ ಒಂದು ಜಾಲಪುಟಕ್ಕೆ ಬಳಕೆದಾರರ ಗಣಕದ ಇತರ ತಂತ್ರಾಂಶಗಳನ್ನು ಮುಟ್ಟುವ ಅವಕಾಶವಿರುವುದಿಲ್ಲ. ಬ್ರೌಸರ್‌ಗಳು ಜಾಲಪುಟಗಳನ್ನು ಪ್ರತ್ಯೇಕವಾದ ಆವರಣದೊಳಗೆ ಇಟ್ಟಿರುತ್ತವೆ. ಆ ಗೋಡೆಯನ್ನು ದಾಟಿ ಡೆಸ್ಕ್‌ಟಾಪ್‌ಗೆ ಸಂದೇಶ ಮುಟ್ಟಿಸಲು ಗ್ನೋಮ್ ಯೋಜನೆ ಎರಡು ವಿಧಾನಗಳನ್ನು ಅನುಸರಿಸಿದೆ.

### ಹಳೆಯ ಪ್ಲಗಿನ್ ವಿಧಾನ

ಆರಂಭದಲ್ಲಿ ಎನ್‌ಪಿಎಪಿಐ ಎಂಬ ಹಳೆಯ ತಂತ್ರವನ್ನು ಆಧರಿಸಿದ ಬ್ರೌಸರ್ ಪ್ಲಗಿನ್ ಒಂದನ್ನು ಗ್ನೋಮ್ ಶೆಲ್‌ನ ಜೊತೆಯಲ್ಲಿಯೇ ನೀಡಲಾಗುತ್ತಿತ್ತು. ಈ ಬಗೆಯ ಪ್ಲಗಿನ್‌ಗಳು ಗಣಕದ ಮೇಲೆ ನೇರವಾದ ಅಧಿಕಾರ ಹೊಂದಿದ್ದುದರಿಂದ ಸುರಕ್ಷತೆಯ ದೃಷ್ಟಿಯಿಂದ ದುರ್ಬಲವೆನಿಸಿಕೊಂಡವು. ಗೂಗಲ್ ಕ್ರೋಮ್ ೨೦೧೫ರಲ್ಲಿ, ೪೫ನೆಯ ಆವೃತ್ತಿಯಿಂದ, ಇವುಗಳಿಗೆ ನೀಡುತ್ತಿದ್ದ ಬೆಂಬಲವನ್ನು ಸಂಪೂರ್ಣವಾಗಿ ನಿಲ್ಲಿಸಿತು. ಫೈರ್‌ಫಾಕ್ಸ್ ೨೦೧೭ರಲ್ಲಿ, ೫೨ನೆಯ ಆವೃತ್ತಿಯಲ್ಲಿ, ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದ ಪ್ಲಗಿನ್‌ಗಳನ್ನು ಕೈಬಿಟ್ಟಿತು.

### ಇಂದಿನ ಸಂಪರ್ಕ ವಿಧಾನ

ಇಂದಿನ ವಿಧಾನದಲ್ಲಿ ಎರಡು ತುಂಡುಗಳಿವೆ. ಒಂದು, ಬ್ರೌಸರ್‌ಗೆ ಸೇರಿಸಬೇಕಾದ ಆಡ್-ಆನ್. ಇನ್ನೊಂದು, ಗಣಕದಲ್ಲಿ ಇರಬೇಕಾದ ಸಂಪರ್ಕ ತಂತ್ರಾಂಶ. ಈ ಸಂಪರ್ಕ ತಂತ್ರಾಂಶವು ಮೊದಲು ‘ಕ್ರೋಮ್-ಗ್ನೋಮ್-ಶೆಲ್’ ಎಂಬ ಹೆಸರಿನಲ್ಲಿತ್ತು. ೨೦೨೨ರಲ್ಲಿ ಅದಕ್ಕೆ ‘ಗ್ನೋಮ್ ಬ್ರೌಸರ್ ಕನೆಕ್ಟರ್’ ಎಂದು ಮರುನಾಮಕರಣ ಮಾಡಲಾಯಿತು. ಅಳವಡಿಕೆಯ ಹಂತಗಳು ಹೀಗಿವೆ:

* ಬಳಕೆದಾರರು ಅಧಿಕೃತ ಜಾಲತಾಣದಲ್ಲಿ ವಿಸ್ತರಣೆಯ ಪುಟವನ್ನು ತೆರೆದು ಅಳವಡಿಕೆಯ ಗುಂಡಿಯನ್ನು ಒತ್ತುತ್ತಾರೆ.
* ಬ್ರೌಸರ್‌ನ ಆಡ್-ಆನ್ ಆ ಕೋರಿಕೆಯನ್ನು ಸ್ವೀಕರಿಸುತ್ತದೆ. ಈ ಆಡ್-ಆನ್ ಕೆಲಸ ಮಾಡುವುದು ಅಧಿಕೃತ ಜಾಲತಾಣದ ಪುಟಗಳ ಮೇಲೆ ಮಾತ್ರ.
* ಆಡ್-ಆನ್ ಆ ಕೋರಿಕೆಯನ್ನು ಗಣಕದಲ್ಲಿರುವ ಸಂಪರ್ಕ ತಂತ್ರಾಂಶಕ್ಕೆ ದಾಟಿಸುತ್ತದೆ. ಯಾವ ಆಡ್-ಆನ್‌ಗೆ ಈ ತಂತ್ರಾಂಶದೊಡನೆ ಮಾತನಾಡುವ ಅನುಮತಿ ಇದೆ ಎಂಬುದನ್ನು ಗಣಕದ ಒಂದು ಕಡತದಲ್ಲಿ ಮೊದಲೇ ನಮೂದಿಸಲಾಗಿರುತ್ತದೆ.
* ಸಂಪರ್ಕ ತಂತ್ರಾಂಶವು ಡಿ-ಬಸ್ ಎಂಬ ಆಂತರಿಕ ಸಂದೇಶ ವ್ಯವಸ್ಥೆಯ ಮೂಲಕ ಗ್ನೋಮ್ ಶೆಲ್‌ಗೆ ವಿಸ್ತರಣೆಯ ಗುರುತನ್ನು ತಿಳಿಸುತ್ತದೆ.
* ಗ್ನೋಮ್ ಶೆಲ್ ತನ್ನದೇ ಆದ ಚೌಕಟ್ಟೊಂದನ್ನು ಪರದೆಯ ಮೇಲೆ ತೋರಿಸಿ ಬಳಕೆದಾರರ ಒಪ್ಪಿಗೆ ಕೇಳುತ್ತದೆ.
* ಒಪ್ಪಿಗೆ ದೊರೆತ ನಂತರ ಶೆಲ್ ತಾನೇ ಅಧಿಕೃತ ಜಾಲತಾಣದಿಂದ ಕಡತವನ್ನು ಇಳಿಸಿಕೊಂಡು ಬಳಕೆದಾರರ ತವರು ಕಡತಕೋಶದಲ್ಲಿ ಇರಿಸುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಬ್ರೌಸರ್ ಕೇವಲ ವಿಸ್ತರಣೆಯ ಹೆಸರನ್ನು ಹೇಳುತ್ತದೆಯೇ ಹೊರತು ಕಡತವನ್ನು ತಂದುಕೊಡುವುದಿಲ್ಲ. ಕಡತವನ್ನು ಎಲ್ಲಿಂದ ತರಬೇಕೆಂಬುದು ಶೆಲ್‌ನಲ್ಲಿಯೇ ನಿಗದಿಯಾಗಿದೆ. ಒಪ್ಪಿಗೆ ಕೇಳುವ ಚೌಕಟ್ಟು ಕೂಡ ಜಾಲಪುಟದ ಭಾಗವಲ್ಲ, ಡೆಸ್ಕ್‌ಟಾಪ್‌ನ ಭಾಗ. ಆದುದರಿಂದ ಯಾವುದೋ ಅಪರಿಚಿತ ಜಾಲತಾಣವು ಈ ಮಾರ್ಗವನ್ನು ಬಳಸಿಕೊಂಡು ಬಳಕೆದಾರರಿಗೆ ತಿಳಿಯದಂತೆ ತನ್ನ ತಂತ್ರಾಂಶವನ್ನು ತೂರಿಸುವುದು ಸುಲಭವಲ್ಲ.

## ವಿಸ್ತರಣೆಗೆ ದೊರೆಯುವ ಅಧಿಕಾರ

ಬ್ರೌಸರ್‌ನ ಆಡ್-ಆನ್ ಮತ್ತು ಗ್ನೋಮ್ ಶೆಲ್ ವಿಸ್ತರಣೆ ಇವೆರಡೂ ಹೊರನೋಟಕ್ಕೆ ಒಂದೇ ಬಗೆಯವೆಂದು ತೋರುತ್ತವೆ. ಎರಡನ್ನೂ ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಲಾಗುತ್ತದೆ, ಎರಡನ್ನೂ ಒಂದು ಗುಂಡಿ ಒತ್ತಿ ಅಳವಡಿಸಬಹುದು. ಆದರೆ ಅವುಗಳ ಅಧಿಕಾರದಲ್ಲಿ ಬಹಳ ವ್ಯತ್ಯಾಸವಿದೆ. ಬ್ರೌಸರ್ ಆಡ್-ಆನ್ ತನಗೆ ಬೇಕಾದ ಅನುಮತಿಗಳನ್ನು ಪಟ್ಟಿಮಾಡಿ ಕೇಳಬೇಕು ಮತ್ತು ಆ ಎಲ್ಲೆಯೊಳಗೇ ಇರಬೇಕು. ಗ್ನೋಮ್ ಶೆಲ್ ವಿಸ್ತರಣೆಗೆ ಅಂತಹ ಅನುಮತಿಗಳ ಪಟ್ಟಿಯೇ ಇಲ್ಲ. ಅದು ಶೆಲ್ ನಡೆಯುತ್ತಿರುವ ಪ್ರಕ್ರಿಯೆಯ ಒಳಗೇ, ಯಾವ ಪ್ರತ್ಯೇಕ ಆವರಣವೂ ಇಲ್ಲದೆ ನಡೆಯುತ್ತದೆ. ಮನೆಗೆ ಬಂದ ಅತಿಥಿಗೆ ಜಗುಲಿಯಲ್ಲಿ ಕೂರಲು ಹೇಳುವುದಕ್ಕೂ ಬೀಗದ ಕೈ ಗೊಂಚಲನ್ನೇ ಕೊಡುವುದಕ್ಕೂ ಇರುವಷ್ಟು ಅಂತರ ಇವೆರಡರ ನಡುವೆ ಇದೆ.

ತಾತ್ತ್ವಿಕವಾಗಿ ಒಂದು ವಿಸ್ತರಣೆಯು ಈ ಕೆಳಗಿನವುಗಳನ್ನು ಮಾಡಬಲ್ಲದು:

* ಬಳಕೆದಾರರ ತವರು ಕಡತಕೋಶದಲ್ಲಿರುವ ಕಡತಗಳನ್ನು ಓದುವುದು, ತಿದ್ದುವುದು, ಅಳಿಸುವುದು.
* ಅಂತರಜಾಲಕ್ಕೆ ಸಂಪರ್ಕಿಸಿ ಮಾಹಿತಿಯನ್ನು ಕಳುಹಿಸುವುದು ಅಥವಾ ತರಿಸಿಕೊಳ್ಳುವುದು.
* ಇತರ ತಂತ್ರಾಂಶಗಳನ್ನು ಚಾಲನೆಗೊಳಿಸುವುದು.
* ನಕಲು ಮಾಡಿ ಇಟ್ಟುಕೊಂಡ ಪಠ್ಯವನ್ನು, ಅಂದರೆ ಕ್ಲಿಪ್‌ಬೋರ್ಡ್ ಅನ್ನು, ಓದುವುದು.
* ಪರದೆಯ ಚಿತ್ರವನ್ನು ಸೆರೆಹಿಡಿಯುವುದು ಮತ್ತು ಶೆಲ್ ಮೂಲಕ ಹಾದುಹೋಗುವ ಕೀಲಿಗಳನ್ನು ಗಮನಿಸುವುದು.

ಕೊನೆಯ ಅಂಶವು ವೇಲ್ಯಾಂಡ್ ಎಂಬ ಪ್ರದರ್ಶನ ವ್ಯವಸ್ಥೆಯ ಸಂದರ್ಭದಲ್ಲಿ ವಿಶೇಷವಾಗಿ ಮುಖ್ಯ. ಹಳೆಯ ಎಕ್ಸ್೧೧ ವ್ಯವಸ್ಥೆಯಲ್ಲಿ ಒಂದು ತಂತ್ರಾಂಶವು ಇನ್ನೊಂದರ ಕೀಲಿಗಳನ್ನು ಕದ್ದು ನೋಡುವುದು ಸಾಧ್ಯವಿತ್ತು. ವೇಲ್ಯಾಂಡ್ ಅದನ್ನು ತಡೆಯುತ್ತದೆ. ಆದರೆ ಗ್ನೋಮ್‌ನಲ್ಲಿ ವೇಲ್ಯಾಂಡ್‌ನ ಕಾವಲುಗಾರನ ಕೆಲಸ ಮಾಡುವುದು ಗ್ನೋಮ್ ಶೆಲ್ ಪ್ರಕ್ರಿಯೆಯೇ. ವಿಸ್ತರಣೆ ಇರುವುದು ಆ ಪ್ರಕ್ರಿಯೆಯ ಒಳಗೆ. ಹೀಗಾಗಿ ಸಾಮಾನ್ಯ ತಂತ್ರಾಂಶಗಳಿಂದ ವೇಲ್ಯಾಂಡ್ ಕೊಡುವ ರಕ್ಷಣೆ ವಿಸ್ತರಣೆಗಳ ವಿಷಯದಲ್ಲಿ ಅನ್ವಯಿಸುವುದಿಲ್ಲ.

### ನಿರ್ವಾಹಕ ಅಧಿಕಾರದ ಪ್ರಶ್ನೆ

ವಿಸ್ತರಣೆಗೆ ‘ರೂಟ್’ ಎನ್ನಲಾಗುವ ನಿರ್ವಾಹಕ ಅಧಿಕಾರ ಇಲ್ಲದಿರುವುದರಿಂದ ಅಪಾಯವಿಲ್ಲ ಎಂಬ ಅಭಿಪ್ರಾಯ ಲಿನಕ್ಸ್ ಬಳಕೆದಾರರಲ್ಲಿ ವ್ಯಾಪಕವಾಗಿದೆ. ಇದು ಅರ್ಧ ಸತ್ಯ ಮಾತ್ರ. ವಿಸ್ತರಣೆಯು ನೇರವಾಗಿ ವ್ಯವಸ್ಥೆಯ ಕಡತಗಳನ್ನು ಬದಲಿಸಲಾರದು ಎಂಬುದು ನಿಜ. ಆದರೆ ಮನೆಯ ಗಣಕದಲ್ಲಿ ಬೆಲೆಯುಳ್ಳ ವಸ್ತುಗಳೆಲ್ಲ ಇರುವುದು ತವರು ಕಡತಕೋಶದಲ್ಲಿಯೇ. ಛಾಯಾಚಿತ್ರಗಳು, ಪತ್ರಗಳು, ಬ್ರೌಸರ್ ಉಳಿಸಿಟ್ಟುಕೊಂಡ ಗುಪ್ತಪದಗಳು, ದೂರದ ಗಣಕಗಳಿಗೆ ಪ್ರವೇಶ ನೀಡುವ ಗುಪ್ತಕೀಲಿಗಳು ಎಲ್ಲವೂ ಅಲ್ಲಿವೆ. ಕಾರ್ಯಾಚರಣ ವ್ಯವಸ್ಥೆಯನ್ನು ಒಂದು ಗಂಟೆಯೊಳಗೆ ಮರುಸ್ಥಾಪಿಸಬಹುದು. ಪ್ರತಿ ಇರಿಸಿಕೊಳ್ಳದ ಕಡತಗಳು ಹೋದರೆ ಹೋದಂತೆಯೇ.

ಇದಲ್ಲದೆ, ನಿರ್ವಾಹಕ ಕೆಲಸಗಳಿಗೆ ಗುಪ್ತಪದ ಕೇಳುವ ಚೌಕಟ್ಟನ್ನು ಗ್ನೋಮ್‌ನಲ್ಲಿ ಪರದೆಯ ಮೇಲೆ ಮೂಡಿಸುವುದೂ ಗ್ನೋಮ್ ಶೆಲ್‌ನ ಕೆಲಸವೇ. ಅದೇ ಪ್ರಕ್ರಿಯೆಯೊಳಗಿರುವ ದುರುದ್ದೇಶದ ವಿಸ್ತರಣೆಯೊಂದು ಆ ಗುಪ್ತಪದವನ್ನು ಗಮನಿಸಲು ಅಥವಾ ಅದೇ ಬಗೆಯ ಸುಳ್ಳು ಚೌಕಟ್ಟನ್ನು ತೋರಿಸಲು ಸಾಧ್ಯ. ಆದುದರಿಂದ ನಿರ್ವಾಹಕ ಅಧಿಕಾರವಿಲ್ಲ ಎಂಬುದು ಶಾಶ್ವತವಾದ ತಡೆಯಲ್ಲ.

ಬೀಗ ಹಾಕಿದ ಪರದೆಯ ವಿಷಯದಲ್ಲಿ ಒಂದು ನಿರ್ಬಂಧವಿದೆ. ಪರದೆಗೆ ಬೀಗ ಬಿದ್ದಾಗ ವಿಸ್ತರಣೆಗಳು ಪೂರ್ವನಿಯೋಜಿತವಾಗಿ ನಿಷ್ಕ್ರಿಯಗೊಳ್ಳುತ್ತವೆ. ಅಲ್ಲಿಯೂ ಕೆಲಸ ಮಾಡಬೇಕಾದ ವಿಸ್ತರಣೆಯು ಅದನ್ನು ತನ್ನ ವಿವರಕಡತದಲ್ಲಿ ಮೊದಲೇ ಘೋಷಿಸಿರಬೇಕು.

## ಪರಿಶೀಲನಾ ವ್ಯವಸ್ಥೆ

ತಾಂತ್ರಿಕ ಆವರಣ ಇಲ್ಲದಿರುವ ಕೊರತೆಯನ್ನು ಗ್ನೋಮ್ ಯೋಜನೆಯು ಮಾನವ ಪರಿಶೀಲನೆಯಿಂದ ತುಂಬಲು ಯತ್ನಿಸುತ್ತದೆ. ಅಧಿಕೃತ ಜಾಲತಾಣಕ್ಕೆ ಬರುವ ಪ್ರತಿಯೊಂದು ವಿಸ್ತರಣೆಯನ್ನೂ, ಅದರ ಪ್ರತಿಯೊಂದು ಹೊಸ ಆವೃತ್ತಿಯನ್ನೂ ಪರಿಶೀಲಕರು ಓದಿ ಒಪ್ಪಿದ ನಂತರವೇ ಸಾರ್ವಜನಿಕರಿಗೆ ಲಭ್ಯಗೊಳಿಸಲಾಗುತ್ತದೆ. ಪರಿಶೀಲನೆಯ ಮುಖ್ಯ ನಿಯಮಗಳಲ್ಲಿ ಕೆಲವು:

* ಮೂಲಸಂಕೇತವು ಓದಿ ಅರ್ಥಮಾಡಿಕೊಳ್ಳುವಂತಿರಬೇಕು. ಉದ್ದೇಶಪೂರ್ವಕವಾಗಿ ಗೋಜಲುಗೊಳಿಸಿದ ಅಥವಾ ಕುಗ್ಗಿಸಿದ ಸಂಕೇತಕ್ಕೆ ಅವಕಾಶವಿಲ್ಲ.
* ಓದಲಾಗದ ಯಂತ್ರರೂಪದ ತಂತ್ರಾಂಶಗಳನ್ನು ಒಳಗೊಂಡಿರಬಾರದು.
* ಬಳಕೆದಾರರ ಚಟುವಟಿಕೆಯ ಮಾಹಿತಿಯನ್ನು ಸಂಗ್ರಹಿಸಿ ಕಳುಹಿಸಬಾರದು.
* ಕ್ಲಿಪ್‌ಬೋರ್ಡ್ ಬಳಸುವುದಾದರೆ ಅದನ್ನು ವಿವರಣೆಯಲ್ಲಿ ಸ್ಪಷ್ಟವಾಗಿ ತಿಳಿಸಬೇಕು.
* ಚಾಲನೆಗೊಂಡಾಗ ಮಾಡಿದ ಎಲ್ಲ ಬದಲಾವಣೆಗಳನ್ನೂ ನಿಷ್ಕ್ರಿಯಗೊಂಡಾಗ ಹಿಂತೆಗೆಯಬೇಕು.
* ಬೀಗ ಹಾಕಿದ ಪರದೆಯಲ್ಲಿ ಕೆಲಸ ಮಾಡುವ ವಿಸ್ತರಣೆಯು ಆ ಹೊತ್ತಿನಲ್ಲಿ ಕೀಲಿಮಣೆಯ ಸೂಚನೆಗಳಿಂದ ಸಂಪರ್ಕ ಕಡಿದುಕೊಂಡಿರಬೇಕು.
* ಪರವಾನಗಿಯು ಜಿಪಿಎಲ್ ಎರಡನೆಯ ಆವೃತ್ತಿಯ ಷರತ್ತುಗಳಿಗೆ ಹೊಂದಿಕೆಯಾಗಬೇಕು.

ವಿಸ್ತರಣೆಗಳು ಮುಕ್ತ ತಂತ್ರಾಂಶಗಳಾಗಿರುವುದರಿಂದ ಅವುಗಳ ಸಂಕೇತವನ್ನು ಯಾರು ಬೇಕಾದರೂ ಓದಬಹುದು. ಜಾವಾಸ್ಕ್ರಿಪ್ಟ್ ಬಲ್ಲ ವಿದ್ಯಾರ್ಥಿಯೊಬ್ಬನಿಗೆ ಚಿಕ್ಕ ವಿಸ್ತರಣೆಯೊಂದನ್ನು ಮೊದಲಿನಿಂದ ಕೊನೆಯವರೆಗೆ ಓದುವುದು ಕಷ್ಟದ ಕೆಲಸವಲ್ಲ.

### ಪರಿಶೀಲನೆಯ ಮಿತಿಗಳು

ಪರಿಶೀಲಕರು ಸಂಖ್ಯೆಯಲ್ಲಿ ಕಡಿಮೆ, ಮತ್ತು ಬಹುಮಟ್ಟಿಗೆ ಸ್ವಯಂಸೇವಕರು. ಗ್ನೋಮ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ನೂರಾರು ವಿಸ್ತರಣೆಗಳು ಪರಿಷ್ಕರಣೆಗೊಂಡು ಮತ್ತೆ ಅವರ ಮುಂದೆ ಬರುತ್ತವೆ. ಸಾವಿರಾರು ಸಾಲುಗಳ ವಿಸ್ತರಣೆಯಲ್ಲಿ ಜಾಣತನದಿಂದ ಅಡಗಿಸಿದ ದೋಷವೊಂದು ಕಣ್ತಪ್ಪುವುದು ಅಸಾಧ್ಯವೇನಲ್ಲ. ಪರಿಶೀಲನೆಯು ನಿಯಮಗಳ ಪಾಲನೆಯನ್ನು ನೋಡುತ್ತದೆಯೇ ಹೊರತು ವಿಸ್ತರಣೆ ದೋಷರಹಿತವೆಂಬ ಖಾತರಿಯನ್ನು ಕೊಡುವುದಿಲ್ಲ. ವಿಸ್ತರಣೆಯೊಂದು ಹೊರಗಿನ ಜಾಲಸೇವೆಯನ್ನು ಅವಲಂಬಿಸಿದ್ದರೆ ಆ ಸೇವೆ ಮುಂದೆ ಯಾರ ಕೈ ಸೇರುತ್ತದೆ ಎಂಬುದೂ ಪರಿಶೀಲನೆಯ ಎಲ್ಲೆಗೆ ಬರುವುದಿಲ್ಲ.

೨೦೨೦ರಲ್ಲಿ ಬಂದ ಗ್ನೋಮ್ ೩.೩೬ರಿಂದ ಈಚೆಗೆ ಶೆಲ್ ತಾನಾಗಿಯೇ ವಿಸ್ತರಣೆಗಳ ಹೊಸ ಆವೃತ್ತಿಗಳನ್ನು ಇಳಿಸಿಕೊಂಡು, ಬಳಕೆದಾರರು ಮುಂದಿನ ಬಾರಿ ಒಳಪ್ರವೇಶಿಸಿದಾಗ ಅವುಗಳನ್ನು ಜಾರಿಗೊಳಿಸುತ್ತದೆ. ಇದರಿಂದ ದೋಷಗಳು ಬೇಗ ಸರಿಯಾಗುತ್ತವೆ. ಆದರೆ ಇಂದು ಓದಿ ಒಪ್ಪಿಕೊಂಡ ವಿಸ್ತರಣೆಯ ನಾಳಿನ ರೂಪಕ್ಕೂ ಬಳಕೆದಾರರು ಇಂದೇ ಸಮ್ಮತಿ ಕೊಟ್ಟಂತಾಗುತ್ತದೆ.

## ದಾಖಲಾದ ಘಟನೆಗಳು

೨೦೦೯ರ ಡಿಸೆಂಬರ್‌ನಲ್ಲಿ ಗ್ನೋಮ್-ಲುಕ್ ಎಂಬ ಜಾಲತಾಣದಲ್ಲಿ ಜಲಪಾತದ ಚಿತ್ರವಿರುವ ಪರದೆರಕ್ಷಕವೆಂದು ಹಂಚಲಾಗಿದ್ದ ಕಡತವೊಂದು ದುರುದ್ದೇಶದ್ದೆಂದು ಪತ್ತೆಯಾಯಿತು. ಹೆಸರಿನಲ್ಲಿ ಗ್ನೋಮ್ ಇದ್ದರೂ ಆ ತಾಣವು ಗ್ನೋಮ್ ಯೋಜನೆಗೆ ಸೇರಿದ್ದಲ್ಲ. ಕಡತವು ಡೆಬಿಯನ್ ಪ್ಯಾಕೇಜ್ ರೂಪದಲ್ಲಿದ್ದುದರಿಂದ ಅಳವಡಿಸುವಾಗ ನಿರ್ವಾಹಕ ಅಧಿಕಾರವನ್ನೇ ಪಡೆಯುತ್ತಿತ್ತು. ಅದರೊಳಗಿನ ಸೂಚನೆಗಳು ಬಳಕೆದಾರರ ಗಣಕವನ್ನು ಬೇರೊಂದು ಜಾಲತಾಣದ ಮೇಲಿನ ದಾಳಿಗೆ ಬಳಸಿಕೊಳ್ಳುವಂತಿದ್ದವು. ಇದು ಶೆಲ್ ವಿಸ್ತರಣೆಗಳು ಹುಟ್ಟುವ ಮೊದಲಿನ ಘಟನೆಯಾದರೂ, ಅಲಂಕಾರದ ವಸ್ತುವೆಂದು ಬಳಕೆದಾರರು ಎಚ್ಚರಿಕೆ ಸಡಿಲಿಸುವುದನ್ನು ಮೋಸಗಾರರು ಹೇಗೆ ಬಳಸಿಕೊಳ್ಳುತ್ತಾರೆ ಎಂಬುದಕ್ಕೆ ಉದಾಹರಣೆಯಾಗಿದೆ.

೨೦೧೨ರಲ್ಲಿ ಗ್ನೋಮ್ ಶೆಲ್ ೩.೪.೧ರ ಬ್ರೌಸರ್ ಪ್ಲಗಿನ್‌ನಲ್ಲಿ ದೋಷವೊಂದು ವರದಿಯಾಯಿತು. ದಾಳಿಕೋರರು ವಿಶೇಷವಾಗಿ ರಚಿಸಿದ ಜಾಲಪುಟವೊಂದರ ಮೂಲಕ, ಅಧಿಕೃತ ಜಾಲತಾಣದಲ್ಲಿರುವ ಯಾವುದೇ ವಿಸ್ತರಣೆಯನ್ನು ಬಳಕೆದಾರರ ಗಣಕಕ್ಕೆ ಬಲವಂತವಾಗಿ ಇಳಿಸಿ ಅಳವಡಿಸುವಂತೆ ಮಾಡಬಹುದಾಗಿತ್ತು. ಈ ದೋಷಕ್ಕೆ ಸಿವಿಇ-೨೦೧೨-೪೪೨೭ ಎಂಬ ಸಂಖ್ಯೆ ನೀಡಲಾಗಿದೆ. ತಲುಪಿಸುವ ಮಾರ್ಗವೇ ದುರ್ಬಲವಾದರೆ ಅಧಿಕೃತ ಭಂಡಾರ ಇದ್ದರೂ ಸಾಲದು ಎಂಬುದನ್ನು ಇದು ತೋರಿಸಿತು.

೨೦೨೪ರ ಮಾರ್ಚ್‌ನಲ್ಲಿ ಇನ್ನೊಂದು ಪ್ರಮುಖ ಲಿನಕ್ಸ್ ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದಲ್ಲಿ ಇದೇ ಬಗೆಯ ಪ್ರಸಂಗ ನಡೆಯಿತು. ಕೆಡಿಇ ಭಂಡಾರದಿಂದ ಜಾಗತಿಕ ಥೀಮ್ ಒಂದನ್ನು ಅಳವಡಿಸಿಕೊಂಡ ಬಳಕೆದಾರರೊಬ್ಬರ ವೈಯಕ್ತಿಕ ಕಡತಗಳು ಅಳಿಸಿಹೋದವು. ಇದು ಕುತಂತ್ರವಾಗಿರದೆ ಥೀಮ್‌ನೊಳಗಿನ ದೋಷಪೂರ್ಣ ಆದೇಶದ ಫಲವೆಂದು ತಿಳಿದುಬಂದಿತು. ಬಣ್ಣ ಮತ್ತು ಚಿಹ್ನೆಗಳ ಗುಚ್ಛವೆಂದು ತೋರುವ ಜಾಗತಿಕ ಥೀಮ್‌ಗಳು ತಮ್ಮೊಳಗೆ ಯಾವುದೇ ಸಂಕೇತವನ್ನು ಚಾಲನೆಗೊಳಿಸಬಲ್ಲವು ಎಂಬುದನ್ನು ಕೆಡಿಇ ಅಭಿವೃದ್ಧಿಕಾರರು ಆಗ ಬಳಕೆದಾರರಿಗೆ ವಿವರಿಸಬೇಕಾಯಿತು. ಹಾನಿಗೆ ದುರುದ್ದೇಶವೇ ಬೇಕಿಲ್ಲ, ಅಜಾಗರೂಕತೆ ಸಾಕು ಎಂಬುದು ಈ ಘಟನೆಯಿಂದ ಸ್ಪಷ್ಟವಾಗುತ್ತದೆ.

## ಸ್ಥಿರತೆಯ ಸಮಸ್ಯೆಗಳು

ಪ್ರಾಯೋಗಿಕವಾಗಿ ಬಳಕೆದಾರರು ಹೆಚ್ಚಾಗಿ ಎದುರಿಸುವುದು ಕಳ್ಳತನವನ್ನಲ್ಲ, ಡೆಸ್ಕ್‌ಟಾಪ್ ಕುಸಿಯುವುದನ್ನು. ವಿಸ್ತರಣೆಗಳು ಶೆಲ್‌ನ ಒಳರಚನೆಯನ್ನೇ ಮುಟ್ಟುವುದರಿಂದ ಶೆಲ್ ಬದಲಾದಾಗ ಅವು ಮುರಿದುಬೀಳುತ್ತವೆ. ೨೦೨೩ರ ಸೆಪ್ಟೆಂಬರ್‌ನಲ್ಲಿ ಬಂದ ಗ್ನೋಮ್ ೪೫ರಲ್ಲಿ ಜಾವಾಸ್ಕ್ರಿಪ್ಟ್ ಘಟಕಗಳನ್ನು ಸೇರಿಸಿಕೊಳ್ಳುವ ಕ್ರಮವೇ ಬದಲಾದ ಕಾರಣ ಹಳೆಯ ವಿಸ್ತರಣೆಗಳೆಲ್ಲವನ್ನೂ ತಿದ್ದಿ ಬರೆಯಬೇಕಾಯಿತು. ಇದಕ್ಕಾಗಿಯೇ ಪ್ರತಿ ವಿಸ್ತರಣೆಯೂ ತಾನು ಯಾವ ಆವೃತ್ತಿಗಳಿಗೆ ಹೊಂದುತ್ತದೆ ಎಂಬುದನ್ನು ನಮೂದಿಸಿರುತ್ತದೆ. ಈ ಹೊಂದಾಣಿಕೆಯ ತಪಾಸಣೆಯನ್ನು ಬಲವಂತವಾಗಿ ನಿಲ್ಲಿಸುವ ಆಯ್ಕೆ ಇದೆಯಾದರೂ ಅದನ್ನು ಬಳಸುವುದು ಹಿತಕರವಲ್ಲ. ವೇಲ್ಯಾಂಡ್‌ನಲ್ಲಿ ಶೆಲ್ ಕುಸಿದರೆ ಇಡೀ ಅಧಿವೇಶನವೇ ಮುಕ್ತಾಯಗೊಂಡು, ಉಳಿಸದ ಕೆಲಸ ನಷ್ಟವಾಗುತ್ತದೆ.

## ಅಳವಡಿಕೆಯ ಇತರ ಮಾರ್ಗಗಳು

ಬ್ರೌಸರ್ ಒಂದೇ ಮಾರ್ಗವಲ್ಲ. ಅನೇಕ ವಿತರಣೆಗಳು ಜನಪ್ರಿಯ ವಿಸ್ತರಣೆಗಳನ್ನು ತಮ್ಮ ತಂತ್ರಾಂಶ ಭಂಡಾರದಲ್ಲಿಯೇ ಇರಿಸಿವೆ. ಇವುಗಳ ಆವೃತ್ತಿ ಹಳೆಯದಾಗಿರಬಹುದು, ಆದರೆ ವಿತರಣೆಯವರ ಕಣ್ಣಿಂದಲೂ ಹಾದುಬಂದಿರುತ್ತವೆ. ‘ಎಕ್ಸ್‌ಟೆನ್ಶನ್ ಮ್ಯಾನೇಜರ್’ ಎಂಬ ತಂತ್ರಾಂಶವು ಬ್ರೌಸರ್‌ನ ನೆರವಿಲ್ಲದೆ ಅಧಿಕೃತ ಜಾಲತಾಣದಿಂದಲೇ ವಿಸ್ತರಣೆಗಳನ್ನು ಹುಡುಕಿ ಅಳವಡಿಸುತ್ತದೆ. ೨೦೨೨ರ ಏಪ್ರಿಲ್‌ನಲ್ಲಿ ಬಂದ ಉಬುಂಟು ೨೨.೦೪ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ರೂಪಕ್ಕೆ ಬದಲಾದಾಗ ಬ್ರೌಸರ್ ಮಾರ್ಗವು ಆರಂಭದಲ್ಲಿ ಕೆಲಸ ಮಾಡುತ್ತಿರಲಿಲ್ಲ. ಸ್ನ್ಯಾಪ್‌ನ ಆವರಣವು ಹೊರಗಿನ ಸಂಪರ್ಕ ತಂತ್ರಾಂಶವನ್ನು ತಲುಪಲು ಬಿಡದಿದ್ದುದೇ ಇದಕ್ಕೆ ಕಾರಣ. ಈ ಹೊತ್ತಿನಲ್ಲಿ ಅನೇಕರಿಗೆ ಇಂತಹ ತಂತ್ರಾಂಶಗಳು ನೆರವಾದವು.

ಬ್ರೌಸರ್ ಮಾರ್ಗವನ್ನು ಬಿಟ್ಟರೆ ಅಪಾಯ ತಪ್ಪಿತು ಎಂದು ಭಾವಿಸುವುದು ಸರಿಯಲ್ಲ. ಯಾವ ಮಾರ್ಗದಿಂದ ಬಂದರೂ ವಿಸ್ತರಣೆಯ ಅಧಿಕಾರ ಒಂದೇ. ಅಭಿವೃದ್ಧಿಕಾರರ ಸಂಕೇತ ಭಂಡಾರದಿಂದ ನೇರವಾಗಿ ಕಡತ ತಂದು ಕೈಯಾರೆ ಅಳವಡಿಸುವ ಕ್ರಮದಲ್ಲಿ ಪರಿಶೀಲಕರ ಹಂತವೇ ತಪ್ಪಿಹೋಗುವುದರಿಂದ ಅದು ಬ್ರೌಸರ್ ಮಾರ್ಗಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಡುತ್ತದೆ.

## ಮುನ್ನೆಚ್ಚರಿಕೆಗಳು

* ನಿಜವಾಗಿ ಅಗತ್ಯವಿರುವ ವಿಸ್ತರಣೆಗಳನ್ನು ಮಾತ್ರ ಇಟ್ಟುಕೊಳ್ಳುವುದು, ಬಳಸದವುಗಳನ್ನು ತೆಗೆದುಹಾಕುವುದು.
* ಬ್ರೌಸರ್ ಆಡ್-ಆನ್ ಅನ್ನು ಬ್ರೌಸರ್‌ನ ಅಧಿಕೃತ ಆಡ್-ಆನ್ ಭಂಡಾರದಿಂದ, ಸಂಪರ್ಕ ತಂತ್ರಾಂಶವನ್ನು ವಿತರಣೆಯ ಭಂಡಾರದಿಂದ ಪಡೆಯುವುದು.
* ತಾನಾಗಿ ಕೇಳದಿರುವಾಗ ಅಳವಡಿಕೆಯ ಒಪ್ಪಿಗೆ ಕೇಳುವ ಚೌಕಟ್ಟು ಕಾಣಿಸಿಕೊಂಡರೆ ನಿರಾಕರಿಸುವುದು.
* ಅಳವಡಿಸುವ ಮೊದಲು ವಿಸ್ತರಣೆಯ ಪುಟದಲ್ಲಿ ಇತರರ ಅಭಿಪ್ರಾಯ, ಇತ್ತೀಚಿನ ಆವೃತ್ತಿಯ ದಿನಾಂಕ ಮತ್ತು ಮೂಲಸಂಕೇತದ ಕೊಂಡಿಯನ್ನು ನೋಡುವುದು.
* ಹವಾಮಾನ, ಕ್ಲಿಪ್‌ಬೋರ್ಡ್, ಅನುವಾದ ಮುಂತಾದ, ಮಾಹಿತಿಯನ್ನು ಓದುವ ಅಥವಾ ಹೊರಗೆ ಕಳುಹಿಸುವ ವಿಸ್ತರಣೆಗಳ ವಿವರಣೆಯನ್ನು ಪೂರ್ತಿಯಾಗಿ ಓದುವುದು.
* ಕಚೇರಿ ಅಥವಾ ಬ್ಯಾಂಕ್ ವ್ಯವಹಾರಕ್ಕೆ ಬಳಸುವ ಗಣಕದಲ್ಲಿ ವಿತರಣೆಯೇ ನೀಡಿದ ವಿಸ್ತರಣೆಗಳಿಗೆ ಸೀಮಿತವಾಗಿರುವುದು.
* ಮುಖ್ಯ ಕಡತಗಳ ಪ್ರತಿಯನ್ನು ಗಣಕದಿಂದ ಬೇರ್ಪಡಿಸಬಹುದಾದ ಡಿಸ್ಕ್‌ನಲ್ಲಿ ನಿಯಮಿತವಾಗಿ ಇರಿಸಿಕೊಳ್ಳುವುದು.

## ತೊಂದರೆ ಕಂಡಾಗ

ಗ್ನೋಮ್‌ನ ‘ಎಕ್ಸ್‌ಟೆನ್ಶನ್ಸ್’ ತಂತ್ರಾಂಶದಲ್ಲಿ ಎಲ್ಲ ವಿಸ್ತರಣೆಗಳನ್ನೂ ಒಮ್ಮೆಗೇ ನಿಷ್ಕ್ರಿಯಗೊಳಿಸುವ ಗುಂಡಿ ಇದೆ. ಅನಂತರ ಒಂದೊಂದನ್ನೇ ಚಾಲನೆಗೊಳಿಸಿ ನೋಡಿದರೆ ತೊಂದರೆಯ ಮೂಲ ತಿಳಿಯುತ್ತದೆ. ಡೆಸ್ಕ್‌ಟಾಪ್ ತೆರೆಯದೇ ಹೋದರೆ ಕಂಟ್ರೋಲ್, ಆಲ್ಟ್ ಮತ್ತು ಎಫ್೩ ಕೀಲಿಗಳನ್ನು ಒಟ್ಟಿಗೆ ಒತ್ತಿ ಪಠ್ಯರೂಪದ ಪರದೆಗೆ ಹೋಗಿ, ತವರು ಕಡತಕೋಶದ ‘.ಲೋಕಲ್/ಶೇರ್/ಗ್ನೋಮ್-ಶೆಲ್/ಎಕ್ಸ್‌ಟೆನ್ಶನ್ಸ್’ ಎಂಬ ಒಳಕೋಶದಲ್ಲಿರುವ ಸಂಬಂಧಿತ ವಿಸ್ತರಣೆಯನ್ನು ಬೇರೆಡೆಗೆ ಸರಿಸಬಹುದು.

ವಿಸ್ತರಣೆಯು ದುರುದ್ದೇಶದ್ದೆಂಬ ಸಂಶಯವಿದ್ದರೆ ಅದನ್ನು ಅಳಿಸುವುದಷ್ಟೇ ಸಾಲದು. ಅದು ಮೊದಲೇ ಬೇರೆಡೆ ಇರಿಸಿದ ಕಡತಗಳಾಗಲಿ, ಒಳಪ್ರವೇಶದ ವೇಳೆ ತಾನಾಗಿ ಆರಂಭವಾಗುವಂತೆ ಮಾಡಿದ ಏರ್ಪಾಡಾಗಲಿ ವಿಸ್ತರಣೆಯ ಜೊತೆಯಲ್ಲಿ ಹೋಗುವುದಿಲ್ಲ. ಇಂತಹ ಸಂದರ್ಭದಲ್ಲಿ ಗಣಕವನ್ನು ಅಂತರಜಾಲದಿಂದ ಬಿಡಿಸಿ, ಮುಖ್ಯ ಗುಪ್ತಪದಗಳನ್ನು ಬೇರೊಂದು ಗಣಕದಿಂದ ಬದಲಿಸಿ, ಬಳಕೆದಾರರ ಖಾತೆಯನ್ನು ಅಥವಾ ಇಡೀ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವುದು ಸೂಕ್ತ. ಅಧಿಕೃತ ಜಾಲತಾಣದಲ್ಲಿರುವ ವಿಸ್ತರಣೆಯಾಗಿದ್ದರೆ ಆ ವಿಷಯವನ್ನು ಗ್ನೋಮ್ ಯೋಜನೆಯ ಗಮನಕ್ಕೆ ತಂದರೆ ಇತರ ಬಳಕೆದಾರರಿಗೂ ಆಗಬಹುದಾದ ಹಾನಿ ತಪ್ಪುತ್ತದೆ.